ಬರುವ ಗಾಡಿಗಿಂತ ಹೋಗುವ ಗಾಡಿ ಮೊದಲು: ಬಾದಾಮಿ ಕಡೆಯ ಸಂಗೀತೋತ್ಸವದಲ್ಲಿ ನನ್ನ ಅನುಭವ

ಈ ಸಲದ ಉತ್ಸವದ ಕೊನೆಯ ರಾತ್ರಿ ಮುಖ್ಯ ವೇದಿಕೆಯ ಹಾಡು ಹತ್ತೂವರೆಗೆ ಮುಗಿಯಿತು. ಹನ್ನೆರಡೂ ಮುಕ್ಕಾಲಿನ ಹೊತ್ತಿಗೆ ಪಾರ್ಕಿಂಗಿನ ಹೊಲಗಳು ಬರಿದಾಗಿದ್ದವು. ನನ್ನ ನೆನಪಿನ ಲೆಕ್ಕದಲ್ಲಿ ಆ ರಾತ್ರಿ ಬಂದ ಜನ 25 ಸಾವಿರದ ಆಸುಪಾಸು. ಬೈಕುಗಳು 6 ಸಾವಿರ, ಕಾರುಗಳು 1,400, ಬಾಡಿಗೆ ಜನ ಸಾಗಿಸುವ ಕ್ರೂಸರ್ ಜೀಪುಗಳು 250, ಬಸ್ಸುಗಳು 40, ಟಂಟಂ ಆಟೊಗಳು ಮತ್ತು ಟ್ರ್ಯಾಕ್ಟರುಗಳು ಬೇರೆ. ಇದೇ ಜಾಗದಲ್ಲಿ ಮೊದಲ ವರ್ಷ ಇದರ ಅರ್ಧದಷ್ಟು ಗಾಡಿಗಳು ಹೊರಬೀಳುವಷ್ಟರಲ್ಲಿ ಬೆಳಗಿನ ನಾಲ್ಕು ಗಂಟೆಯಾಗಿತ್ತು. ಗಾಡಿಗಳನ್ನು ಇಷ್ಟು ಬೇಗ ಹೊರಗೆ ಕಳಿಸಬಹುದು ಎಂದು ನಾನು ಮೂರು ವರ್ಷ ಹೇಳುತ್ತ ಬಂದಾಗ ಸಂಘಟಕರೂ ಒಪ್ಪಿರಲಿಲ್ಲ, ನನ್ನ ಜೊತೆಗೆ ಜಾತ್ರೆಗಳಲ್ಲಿ ಪಾರ್ಕಿಂಗ್ ಗುತ್ತಿಗೆ ಹಿಡಿಯುವವರೂ ಒಪ್ಪಿರಲಿಲ್ಲ. ಈಗ ಅವರೇ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಹಗ್ಗ, ಬೊಂಬು, ಸುಣ್ಣದ ಗೆರೆ, ಬ್ಯಾರಿಕೇಡುಗಳ ವಿಷಯ ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ಮೊದಲ ವರ್ಷದ ತಪ್ಪು ಮಣ್ಣಿನದು. ಉತ್ಸವ ನವೆಂಬರಿನಲ್ಲಿತ್ತು. ವೇದಿಕೆಗೆ ಹತ್ತಿರ, ಸಪಾಟು, ಒಂದೇ ತುಂಡಿನಲ್ಲಿ 18 ಎಕರೆ ಎಂದು ಸಂಘಟಕರು ಕರಿಮಣ್ಣಿನ ಎರೆ ಹೊಲವನ್ನು ಹಿಡಿದಿದ್ದರು. ಎರಡನೆಯ ದಿನ ಸಂಜೆ ಮುಕ್ಕಾಲು ಗಂಟೆ ಮಳೆ ಬಿದ್ದಿತು, ಅಷ್ಟೇ. ಎರೆ ಮಣ್ಣು ಟಯರಿಗೆ ಹತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತೆ ಹಿಡಿಯುವುದನ್ನು ನಮ್ಮ ಭಾಗದವರೆಲ್ಲ ಬಲ್ಲರು. ಬಲ್ಲವನಾದ ನಾನೂ ಆ ಹೊಲಕ್ಕೆ ಒಪ್ಪಿದ್ದೆ. ಸುಮಾರು ಮುನ್ನೂರು ಕಾರುಗಳನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಮೊದಲು ಕಾರಿಗೆ ಇನ್ನೂರು ರೂಪಾಯಿ ಕೇಳಿದ ಟ್ರ್ಯಾಕ್ಟರಿನವರು ನಡುರಾತ್ರಿಯಾದಂತೆ ಐದುನೂರಕ್ಕೆ ಏರಿದರು. ಜನರ ಕೈಯಿಂದ ಆ ಹಣ ಕೇಳುವ ಮುಖ ನಮಗಿರಲಿಲ್ಲ. ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ನಷ್ಟವಾಯಿತು, ಅದರಲ್ಲಿ ಅರ್ಧ ನನ್ನದು.

ಅಂದಿನಿಂದ ನಾನು ಕೆಂಪು ಮಣ್ಣಿನ ಮಸಾರಿ ನೆಲವನ್ನು ಬಿಟ್ಟು ಬೇರೆ ನೆಲದಲ್ಲಿ ಗಾಡಿ ನಿಲ್ಲಿಸಿಲ್ಲ. ಉತ್ಸವ ಫೆಬ್ರುವರಿಗೆ ಹೋದದ್ದೂ ಇದಕ್ಕೆ ಅನುಕೂಲವಾಯಿತು. ಆ ಹೊತ್ತಿಗೆ ಎರೆಯಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ, ಮಸಾರಿಯಲ್ಲಿ ಸಜ್ಜೆ, ಶೇಂಗಾ ಮುಗಿದು ಹೊಲ ಖಾಲಿ ಇರುತ್ತದೆ. ಆದರೆ ತೊಗರಿ ಕೊಯ್ದ ಹೊಲವನ್ನು ಹಿಡಿಯಬಾರದು. ತೊಗರಿಯ ಕೂಳೆ ಓರೆಯಾಗಿ ಕತ್ತರಿಸಿದ ಗೂಟದ ಹಾಗೆ ನಿಂತಿರುತ್ತದೆ. ಎರಡನೆಯ ವರ್ಷ ಅಂಥ ಎರಡು ಎಕರೆಯಲ್ಲಿ ಒಂದೇ ರಾತ್ರಿ ನಲವತ್ತು ಬೈಕುಗಳು ಪಂಕ್ಚರ್ ಆದವು. ಒಬ್ಬನೇ ಪಂಕ್ಚರಿನವನು ಬ್ಯಾಟರಿ ಬೆಳಕಿನಲ್ಲಿ ಬೆಳಗಿನವರೆಗೆ ಕುಳಿತು ಹಚ್ಚಿದ.

ಹೊಲದ ಅಳತೆಯಲ್ಲಿಯೂ ಕಾಗದವನ್ನು ನಂಬಿ ಕೆಟ್ಟಿದ್ದೇನೆ. ಓಡಾಡುವ ದಾರಿ ಸೇರಿ ಕಾರಿಗೆ 25 ಚದರ ಮೀಟರಿನಂತೆ ಹಿಡಿದರೆ ಎಕರೆಗೆ ನೂರಾ ಅರವತ್ತು ಕಾರು ಬರುತ್ತವೆ; ರಾತ್ರಿ ಹೊತ್ತು, ಸುಣ್ಣದ ಗೆರೆಯ ಮೇಲೆ, ಅವಸರದಲ್ಲಿ ಬಂದವರು ನಿಲ್ಲಿಸಿದಾಗ ನೂರಾ ಹತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಬೈಕುಗಳು ಎಕರೆಗೆ ಆರುನೂರು. ಹೀಗೆ ಲೆಕ್ಕ ಹಾಕಿ ಈ ಸಲ 28 ಎಕರೆ ಹಿಡಿದೆ. ಮೂರು ದಿನಕ್ಕೆ ಎಕರೆಗೆ ಮೂರು ಸಾವಿರ ಬಾಡಿಗೆಯಂತೆ 84 ಸಾವಿರ ಕೊಟ್ಟೆ.

ಎರಡನೆಯ ವರ್ಷದ ದೊಡ್ಡ ತಪ್ಪು ಗೇಟಿನಲ್ಲಿ ಹಣ ವಸೂಲಿ ಮಾಡಿದ್ದು. ಕಾರಿಗೆ 50 ರೂಪಾಯಿ. ಐದುನೂರರ ನೋಟಿಗೆ ಚಿಲ್ಲರೆ ಹುಡುಕುವುದು, ಫೋನಿನಲ್ಲಿ ಹಣ ಹಾಕುತ್ತೇವೆಂದು ಜನಜಂಗುಳಿಯಲ್ಲಿ ನೆಟ್‌ವರ್ಕ್ ಸಿಗದೆ ಕಾಯುವುದು, ಇವೆಲ್ಲ ಸೇರಿ ಒಂದು ಕಾರಿಗೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಮೂರು ಗೇಟುಗಳಿಂದ ನಿಮಿಷಕ್ಕೆ ಆರು ಕಾರು ಒಳಗೆ ಹೋಗುತ್ತಿದ್ದರೆ, ಹಿಂದಿನಿಂದ ಒಂಬತ್ತು, ಹತ್ತು ಬರುತ್ತಿದ್ದವು. ಏಳು ಗಂಟೆಗೆ ಮುನ್ನೂರು ಕಾರು ರಸ್ತೆಯ ಮೇಲೆ ನಿಂತಿದ್ದವು. ಒಂದು ಕಾರಿಗೆ ಏಳು ಮೀಟರ್ ಹಿಡಿದರೂ ಎರಡು ಕಿಲೋಮೀಟರಿನ ಮೇಲಾಯಿತು.

ಆ ಸಾಲಿನ ನಡುವೆಯೇ ಪಕ್ಕದ ಹಳ್ಳಿಗೆ ಹೊರಟ 108 ಆಂಬುಲೆನ್ಸ್ ಸಿಕ್ಕಿಕೊಂಡಿತು. ಎದೆನೋವಿನ ಮುದುಕರೊಬ್ಬರನ್ನು ಅವರ ಮಗ ಬೈಕಿನ ನಡುವೆ ಕೂರಿಸಿ, ಹಿಂದಿನಿಂದ ಇನ್ನೊಬ್ಬ ಅವರನ್ನು ತಬ್ಬಿ ಹಿಡಿದು, ಹೊಲದ ಬದುವಿನ ಮೇಲೆ ಆಂಬುಲೆನ್ಸ್ ಇದ್ದಲ್ಲಿಗೆ ತಂದರು. ಅವರ ತಲೆಯ ಮೇಲಿನ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ನಾನು ಟಾರ್ಚ್ ಹಿಡಿದು ಬದುವಿನ ಮೇಲೆ ಮುಂದೆ ಓಡುತ್ತಿದ್ದೆ. ಅವರು ಉಳಿದರು. ಮರುದಿನ ಬೆಳಿಗ್ಗೆ ನಾನು ವಸೂಲಿಯ ಚೀಟಿಪುಸ್ತಕಗಳನ್ನು ಸಂಘಟಕರ ಮೇಜಿನ ಮೇಲಿಟ್ಟು, ಇನ್ನು ಮುಂದೆ ಗೇಟಿನಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲವೆಂದು ಹೇಳಿದೆ.

ಮೂರನೆಯ ವರ್ಷದಿಂದ ಗಾಡಿ ನಿಂತ ಮೇಲೆ ಹುಡುಗರು ಸಾಲು ಸಾಲಾಗಿ ಹೋಗಿ ಹಣ ತೆಗೆದುಕೊಳ್ಳುತ್ತಾರೆ. ಪಾಲುದಾರರು ಅರ್ಧ ಹಣವೂ ಬರುವುದಿಲ್ಲವೆಂದು ಜಗಳ ತೆಗೆದರು. ಎರಡು ಲಕ್ಷ ಬರಬೇಕಾದಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರ ಬಂದಿತು. ಆ ಮೂವತ್ತು ಸಾವಿರವನ್ನು ನಾನು ನಷ್ಟವೆಂದು ಬರೆದಿಲ್ಲ, ರಸ್ತೆಯ ಬಾಡಿಗೆ ಎಂದು ಬರೆದಿದ್ದೇನೆ. ವಸೂಲಿ ಇಲ್ಲದ ಗೇಟು ನಿಮಿಷಕ್ಕೆ ಒಂಬತ್ತರಿಂದ ಹತ್ತು ಕಾರುಗಳನ್ನು ನುಂಗುತ್ತದೆ.

ಇಷ್ಟಾದರೂ ಮೂರನೆಯ ವರ್ಷ ಹೋಗುವಾಗಿನ ಗೊಂದಲ ಹಾಗೆಯೇ ಉಳಿಯಿತು. ನಾವೆಲ್ಲ ಬರುವ ಗಾಡಿಯ ಚಿಂತೆಯನ್ನೇ ಮಾಡುತ್ತೇವೆ. ಬರುವ ಜನ ನಾಲ್ಕು ತಾಸಿನಲ್ಲಿ ಬರುತ್ತಾರೆ. ಹೋಗುವಾಗ ಎಲ್ಲರೂ ಒಂದೇ ನಿಮಿಷಕ್ಕೆ ಏಳುತ್ತಾರೆ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬನಶಂಕರಿ ಜಾತ್ರೆಯಲ್ಲಿ. ಅಲ್ಲಿ ತೇರಿನ ದಿನದ ಜನದ ಮುಂದೆ ನಮ್ಮ ಉತ್ಸವದ ಜನ ಏನೇನೂ ಅಲ್ಲ. ಆದರೆ ಜಾತ್ರೆಯ ಉಳಿದ ರಾತ್ರಿಗಳಲ್ಲಿ ರಸ್ತೆ ಕಟ್ಟುವುದಿಲ್ಲ, ಏಕೆಂದರೆ ಹತ್ತಾರು ನಾಟಕ ಕಂಪನಿಗಳ ಆಟಗಳು ಬೇರೆ ಬೇರೆ ಹೊತ್ತಿಗೆ ಬಿಡುತ್ತವೆ. ಒಂದು ಕಂಪನಿಯ ಜನ ಹೊರಡುವಾಗ ಇನ್ನೊಂದರ ಜನ ಕುಳಿತಿರುತ್ತಾರೆ, ಮತ್ತೊಂದಷ್ಟು ಜನ ಮಿರ್ಚಿ ಬಜ್ಜಿ ಅಂಗಡಿಯ ಮುಂದೆ ನಿಂತಿರುತ್ತಾರೆ. ಯಾರೂ ಯೋಜನೆ ಮಾಡದೆಯೇ ಅಲ್ಲಿ ಜನ ಕಂತು ಕಂತಾಗಿ ಮನೆಗೆ ಹೋಗುತ್ತಾರೆ.

ಇದನ್ನೇ ನಾನು ಈ ಸಲ ಬೇಕೆಂದೇ ಮಾಡಿದೆ. ಅತಿ ಹೆಚ್ಚು ಗಾಡಿಗಳು ನಿಲ್ಲುವುದು ಬಾಗಲಕೋಟೆ ಕಡೆಯ ಹೊಲದಲ್ಲಿ. ಆ ಹೊಲಕ್ಕೆ ಹೋಗುವ ದಾರಿಯ ಮಗ್ಗುಲಲ್ಲೇ ಚಿಕ್ಕದೊಂದು ಕಟ್ಟೆ ಹಾಕಿಸಿ, ಮುಖ್ಯ ವೇದಿಕೆ ಮುಗಿದ ಕೂಡಲೇ ಹರದೇಶಿ ಮತ್ತು ನಾಗೇಶಿ ಎಂಬ ಎದುರಾಳಿ ಮೇಳಗಳ ಗೀಗೀ ಪದದ, ಅಂದರೆ ಜನಪದ ಹಾಡಿನ, ಸವಾಲು-ಜವಾಬು ಇಡಿಸಿದೆ. ಹರದೇಶಿಯವರು ಪ್ರಶ್ನೆ ಹಾಕಿದರೆ ನಾಗೇಶಿಯವರ ಉತ್ತರ ಕೇಳದೆ ನಮ್ಮ ಜನ ಏಳುವುದಿಲ್ಲ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕವನ್ನಾಗಲಿ ವಾದ್ಯವನ್ನಾಗಲಿ ಬಳಸುವಂತಿಲ್ಲ. ಸಾಂಸ್ಕೃತಿಕ ಸಂದರ್ಭಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹನ್ನೆರಡರವರೆಗೆ ಕೊಡಬಹುದಾದ ಸಡಿಲಿಕೆಗೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಿಸಿದ್ದೆ. ಎರಡು ಮೇಳಗಳ ಸಂಭಾವನೆ, ಊಟ, ಗಾಡಿ ಖರ್ಚು ಸೇರಿ 40 ಸಾವಿರ. ಟ್ರಾಫಿಕ್ ಬಜೆಟ್ಟಿನಿಂದ ಹಾಡುವವರಿಗೆ ಹಣವೇಕೆ ಎಂದು ಸಂಘಟಕರ ಲೆಕ್ಕಿಗರು ಎರಡು ಸಲ ಕಡತ ಮರಳಿಸಿದರು. ನಾಲ್ಕೈದು ಸಾವಿರ ಜನ ಅಲ್ಲಿ ಒಂದು ತಾಸು ಕುಳಿತರು, ಅಷ್ಟರಲ್ಲಿ ಉಳಿದ ಮೂರು ದಿಕ್ಕಿನ ಗಾಡಿಗಳು ದಾಟಿಹೋದವು.

ದಿಕ್ಕಿನ ವಿಷಯವನ್ನು ಬಿಡಿಸಿ ಹೇಳಬೇಕು. ಗಾಡಿಯ ಜಾತಿ ನೋಡಿ, ಕಾರಿಗೊಂದು ಹೊಲ, ಬೈಕಿಗೊಂದು ಹೊಲ ಎಂದು ಹಂಚುವುದು ನಮ್ಮಲ್ಲಿನ ರೂಢಿ. ನಾನು ಊರಿನ ದಾರಿ ನೋಡಿ ಹಂಚಿದೆ. ಬಾಗಲಕೋಟೆ, ಕೆರೂರು, ರೋಣ, ಗುಳೇದಗುಡ್ಡ ಹೀಗೆ ನಾಲ್ಕು ಕಡೆಯವರಿಗೆ ನಾಲ್ಕು ಹೊಲ, ಪ್ರತಿ ಹೊಲದಲ್ಲಿಯೂ ಎಲ್ಲ ಬಗೆಯ ಗಾಡಿ, ಬೈಕುಗಳು ಮಾತ್ರ ಹಗ್ಗದ ಆಚೆಗೆ. ಒಂದು ದಿಕ್ಕಿನ ಗಾಡಿ ಇನ್ನೊಂದು ದಿಕ್ಕಿನ ಗಾಡಿಯ ದಾರಿಯನ್ನು ಎಲ್ಲಿಯೂ ಅಡ್ಡ ದಾಟಬಾರದೆಂಬುದೊಂದೇ ನಿಯಮ. ಇದಕ್ಕೆ ಇನ್ನೊಂದು ಹೊರದಾರಿ ಬೇಕಾಗಿತ್ತು. ಇದ್ದದ್ದು ಬಂಡಿ ದಾರಿ. ಅದಕ್ಕೆ ಎಪ್ಪತ್ತು ಟ್ರಿಪ್ ಗರಸು ಮಣ್ಣು ಹಾಕಿಸಿ, ಬ್ಲೇಡ್ ಹೊಡೆಸಿ ಸಮ ಮಾಡಿಸಿದೆ. ಟ್ರಿಪ್ಪಿಗೆ ಒಂಬೈನೂರರಂತೆ 63 ಸಾವಿರ. ಹೊಲದ ಮಾಲೀಕರಾದ ಹಿರಿಯರು ಬದುವಿನ ಮೇಲೆ ಕುಳಿತು ನೋಡಿ, "ಅಲ್ರೀ ಸಾಹೇಬ್ರ, ಎತ್ತು ಹೋಗಾಕ ಒಲ್ಲೆ ಅನ್ನೋ ದಾರ್ಯಾಗ ಕಾರು ಹೋಗ್ತಾವೇನ್ರೀ?" ಎಂದು ಕೇಳಿದರು. ಕೊನೆಯ ರಾತ್ರಿ ಗುಳೇದಗುಡ್ಡ ಕಡೆಯ ಮುನ್ನೂರು ಕಾರುಗಳು ಅದೇ ದಾರಿಯಲ್ಲಿ ಮೂವತ್ತೈದು ನಿಮಿಷಕ್ಕೆ ಹೋದವು.

ಮೊಬೈಲಿನ ನಕ್ಷೆಯಿಂದ ನಾವು ಪಟ್ಟ ಪಾಡು ದೊಡ್ಡದು. ಹಿಂದಿನ ವರ್ಷಗಳಲ್ಲಿ ಆಮಂತ್ರಣದೊಂದಿಗೆ ವೇದಿಕೆಯ ಗುರುತನ್ನು ಕಳಿಸುತ್ತಿದ್ದರು. ನಕ್ಷೆ ಹತ್ತಿರದ ದಾರಿಯೆಂದು ಹಳ್ಳಿಯ ಓಣಿಯೊಳಗೆ ಕಾರುಗಳನ್ನು ನುಗ್ಗಿಸುತ್ತಿತ್ತು. ಈ ಸಲ ವೇದಿಕೆಯ ಗುರುತನ್ನು ಯಾರಿಗೂ ಕೊಡಬಾರದೆಂದು ಹಟ ಹಿಡಿದು, ನಾಲ್ಕು ಹೊಲಗಳ ಗುರುತುಗಳನ್ನು ಮಾತ್ರ ಊರಿನ ಹೆಸರಿನೊಂದಿಗೆ ಹಂಚಿಸಿದೆ. ಫ್ಲೆಕ್ಸ್ ಬೋರ್ಡುಗಳನ್ನು ರಾತ್ರಿ ಯಾರೂ ಓದುವುದಿಲ್ಲ. ಹೊಲಕ್ಕೊಂದು ಬಣ್ಣದ ಬಲ್ಬಿನ ಸರವನ್ನು ಎತ್ತರದ ಗಳಕ್ಕೆ ಸುತ್ತಿಸಿದ್ದು ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. "ನಮ್ಮ ಗಾಡಿ ಕೆಂಪು ದೀಪದಾಗೈತಿ" ಎಂದು ಮಕ್ಕಳೇ ಹೇಳುತ್ತಿದ್ದರು. ಡ್ರೋನ್ ಹಾರಿಸಿ ಗಾಡಿಗಳನ್ನು ಎಣಿಸುವ ಪ್ರಯೋಗಕ್ಕೆ ಹನ್ನೆರಡು ಸಾವಿರ ಹಾಕಿದ್ದೆ, ಕತ್ತಲಾದ ಮೇಲೆ ಅದರಿಂದ ಏನೂ ತಿಳಿಯಲಿಲ್ಲ. ಆ ದಿನದ ಜನ ಎಷ್ಟೆಂಬುದನ್ನು ಸಂಜೆ ನಾಲ್ಕು ಗಂಟೆಗೇ ಅಂದಾಜು ಮಾಡುವ ಬೇರೊಂದು ಉಪಾಯ ನನಗಿದೆ, ಸಾವಿರದ ಒಳಗೆ ಹೆಚ್ಚು ಕಡಿಮೆ ಬರುತ್ತದೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಕ್ರೂಸರ್ ಚಾಲಕರು ಮುಂಗಡವಾಗಿ ನಮ್ಮ ಮಾತಿಗೆ ಬರುವಂತೆ ಮಾಡುವ ರೀತಿಯೂ ಹಾಗೆಯೇ.

ಫೆಬ್ರುವರಿಯೆಂದರೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿ, ಹಿಂದೆ ರೇಡಿಯಂ ಪಟ್ಟಿಯೂ ಇಲ್ಲದೆ, ಟೇಪಿನ ಹಾಡು ಜೋರಾಗಿಟ್ಟು ಬರುವ ಕಬ್ಬಿನ ಟ್ರ್ಯಾಕ್ಟರ್ ಒಂದು ಏರಿನಲ್ಲಿ ನಿಂತರೆ ಹಿಂದಿನ ಇನ್ನೂರು ಗಾಡಿ ನಿಂತಂತೆ. ಮೋಟಾರು ವಾಹನ ಕಾಯ್ದೆಯ 115ನೆಯ ಕಲಮಿನಡಿ ಆದೇಶ ಮಾಡಿಸಿ ತಡೆಯಬಹುದಾಗಿತ್ತು. ಆದರೆ ಕಡಿದ ಕಬ್ಬು ಒಣಗಿದರೆ ತೂಕ ಇಳಿಯುತ್ತದೆ, ನಷ್ಟ ರೈತರದು. ಬರಿಯ ಆದೇಶದಿಂದ ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಸರಿ ಕಾಣಲಿಲ್ಲ. ಕಬ್ಬು ಕಡಿದು ಸಾಗಿಸುವ ಗ್ಯಾಂಗುಗಳ ಮುಖಂಡರನ್ನು ಕಂಡು, ರಾತ್ರಿ ಒಂಬತ್ತರಿಂದ ಒಂದರವರೆಗೆ ಮಾತ್ರ ನಿಲ್ಲಲು ಎರಡು ಎಕರೆ ಜಾಗ, ರೊಟ್ಟಿ, ಝುಣಕ, ಚಹಾ ಎಂದು ಒಪ್ಪಿಸಿದೆ. ಮೂರು ರಾತ್ರಿಗಳಲ್ಲಿ ದಿನಕ್ಕೆ ಅರವತ್ತಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ನಿಂತವು, 14 ಸಾವಿರ ಖರ್ಚಾಯಿತು. ನಾನು ಹಾಕಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ.

ಬಸ್ಸಿನ ಜಾಗದ ಬಗ್ಗೆ ಕೊನೆಯ ವಾರದವರೆಗೂ ವಾದವಿತ್ತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದ ಮೇಲೆ ಅವರು ಗುಂಪು ಗುಂಪಾಗಿ ಸರ್ಕಾರಿ ಬಸ್ಸಿನಲ್ಲಿ ಬರುತ್ತಾರೆ. ಆದರೆ ಹಾಡು ಮುಗಿಯುವ ಹೊತ್ತಿಗೆ ಮಾಮೂಲಿ ಬಸ್ಸುಗಳು ಇರುವುದಿಲ್ಲ. ಹೆಚ್ಚುವರಿ ಬಸ್ಸುಗಳನ್ನು ಕೇಳಿ ಪಡೆದು, ಅವುಗಳನ್ನು ವೇದಿಕೆಗೆ ಅತಿ ಹತ್ತಿರ, ಗಣ್ಯರ ಕಾರುಗಳಿಗೆಂದು ಇಟ್ಟಿದ್ದ ಜಾಗದಲ್ಲಿ ನಿಲ್ಲಿಸಬೇಕೆಂದು ನಾನು ಹಿಡಿದೆ. ಗಣ್ಯರ ಪಾಸುಗಳು ಮುದ್ರಿಸಿದ್ದು 150, ಹಿಂದಿನ ವರ್ಷ ಬಂದ ಕಾರುಗಳು ಅದರ ಮೂರು ಪಟ್ಟು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡದ್ದನ್ನು ಸಭೆಯಲ್ಲಿ ನೆನಪಿಸಿದೆ. ನಡೆದು ಹೋಗುವ ಜನವೂ ಗಾಡಿಗಳೂ ಒಂದೇ ಬಾಗಿಲಿನಲ್ಲಿ ಸೇರಬಾರದು, ಬಸ್ಸಿನವರು ಮೊದಲು ಹತ್ತಿ ಹೋದರೆ ನಡೆಯುವವರ ಸಂಖ್ಯೆ ಅಲ್ಲಿಯೇ ಎರಡು ಸಾವಿರ ಇಳಿಯುತ್ತದೆ ಎಂದು ನಕ್ಷೆಯ ಮೇಲೆ ತೋರಿಸಿದ ಮೇಲೆ ಒಪ್ಪಿದರು. ಗಣ್ಯರು ಮುನ್ನೂರು ಮೀಟರ್ ನಡೆದರು. ಆಂಬುಲೆನ್ಸಿಗೆಂದು ನಾಲ್ಕು ಮೀಟರ್ ಅಗಲದ ದಾರಿಯನ್ನು ಮೂರು ರಾತ್ರಿಯೂ ಖಾಲಿ ಇಟ್ಟು, ಅದರ ಬಾಯಿಗೆ ನನ್ನ ಸ್ವಂತ ತಮ್ಮನನ್ನೇ ನಿಲ್ಲಿಸಿದ್ದೆ. ಯಾರ ಫೋನು ಬಂದರೂ ಹಗ್ಗ ಬಿಚ್ಚದವನು ಅವನೊಬ್ಬನೇ.

ಉಳಿದದ್ದು ಹಳ್ಳದ ಸೇತುವೆಯ ಹತ್ತಿರದ ಬೈಕುಗಳು. ಹೊಲದವರೆಗೆ ಬರಲು ಬೇಸರಪಟ್ಟು ಇನ್ನೂರು, ಮುನ್ನೂರು ಬೈಕುಗಳನ್ನು ರಸ್ತೆಯ ಅಂಚಿನಲ್ಲೇ ನಿಲ್ಲಿಸಿ ಹೋಗುತ್ತಾರೆ, ಅಲ್ಲಿ ಎರಡು ಬಸ್ಸುಗಳು ಎದುರುಬದುರಾದರೆ ಹತ್ತು ನಿಮಿಷ ಹೋಗುತ್ತದೆ. ಈ ಸಲವೂ ಅದು ಎರಡು ಸಲ ಆಯಿತು. ಸೇತುವೆಗೆ ಮುಂಚೆಯೇ ಎಡಗಡೆ ಅರ್ಧ ಎಕರೆ ಮಸಾರಿ ಇದೆ. ಅದರ ಮಾಲೀಕರು ಪುಣೆಯಲ್ಲಿದ್ದಾರೆ, ಯುಗಾದಿಗೆ ಊರಿಗೆ ಬರುತ್ತಾರಂತೆ, ಆಗ ಹೋಗಿ ಮಾತಾಡಬೇಕು.