ಲಂಡನ್ನಿನ ಹಳೆಯ ತೋಟಗಳು: ಯಾವ ಗೇಟು, ಯಾವ ಹೊತ್ತು

ಲಂಡನ್ನಿಗೆ ಬಂದ ಹೊಸತರಲ್ಲಿ ಬಹಳ ಮಂದಿ ಹೈಡ್ ಪಾರ್ಕಿಗೆ ಹೋಗುವುದು ಶನಿವಾರ ಮಧ್ಯಾಹ್ನ, ಮಾರ್ಬಲ್ ಆರ್ಚ್ ಕಡೆಯಿಂದ. ಕಿವಿಗೆ ಬೀಳುವುದು ಬಸ್ಸುಗಳ ಸದ್ದು, ಕಣ್ಣಿಗೆ ಬೀಳುವುದು ಜನ. ಇಷ್ಟಕ್ಕೇನಾ ಬಂದದ್ದು ಅನ್ನಿಸಿದರೆ ಪಾರ್ಕನ್ನು ಬಯ್ಯಬೇಡಿ. ಬೆಳಿಗ್ಗೆ ಏಳರ ಸುಮಾರಿಗೆ ಲ್ಯಾಂಕಾಸ್ಟರ್ ಗೇಟ್ ಟ್ಯೂಬ್ (ನೆಲದಡಿಯ ರೈಲು) ನಿಲ್ದಾಣದಲ್ಲಿ ಇಳಿದು, ರಸ್ತೆ ದಾಟಿ ಪಕ್ಕದ ಕೆನ್ಸಿಂಗ್ಟನ್ ಗಾರ್ಡನ್ಸ್ ಹೊಕ್ಕು ನೋಡಿ. ಎದುರಿಗೇ ಇಟಾಲಿಯನ್ ತೋಟದ ಕಲ್ಲಿನ ಕೊಳಗಳು, ಕಾರಂಜಿಗಳು. ಅಲ್ಲಿಂದ ನೀರಿನ ದಂಡೆ ಹಿಡಿದು ದಕ್ಷಿಣಕ್ಕೆ ನಡೆದರೆ ಸರ್ಪೆಂಟೈನ್ ಕೆರೆಯ ಸೇತುವೆಯವರೆಗೂ ಓಡುವವರು, ನಾಯಿ ಕರೆದುಕೊಂಡು ಬಂದವರು ಬಿಟ್ಟರೆ ಹೆಚ್ಚು ಯಾರೂ ಸಿಗುವುದಿಲ್ಲ. ಈ ಊರಿನಲ್ಲಿ ನೆಮ್ಮದಿ ಬೇಕೆಂದರೆ ತೋಟದ ಹೆಸರಿಗಿಂತ ಮೊದಲು ಗೇಟನ್ನೂ ಹೊತ್ತನ್ನೂ ಗೊತ್ತುಮಾಡಿಕೊಳ್ಳಬೇಕು.

ಹೈಡ್ ಪಾರ್ಕ್, ರೀಜೆಂಟ್ಸ್, ಗ್ರೀನಿಚ್, ರಿಚ್ಮಂಡ್ ಸೇರಿ ಒಟ್ಟು ಎಂಟು ರಾಯಲ್ ಪಾರ್ಕ್‌ಗಳಿವೆ. ಎಲ್ಲಕ್ಕೂ ಪ್ರವೇಶ ಉಚಿತ. ಆದರೆ ಬಾಗಿಲು ಮುಚ್ಚುವ ಪದ್ಧತಿ ಒಂದೇ ಅಲ್ಲ. ಹೈಡ್ ಪಾರ್ಕ್ ಮತ್ತು ಸೇಂಟ್ ಜೇಮ್ಸಸ್ ಪಾರ್ಕ್ ಬೆಳಿಗ್ಗೆ 5ರಿಂದ ನಡುರಾತ್ರಿಯವರೆಗೆ ತೆರೆದಿರುತ್ತವೆ. ಕೆನ್ಸಿಂಗ್ಟನ್ ಮತ್ತು ರೀಜೆಂಟ್ಸ್ ಮುಚ್ಚುವುದು ಮುಸ್ಸಂಜೆಗೆ. ಹೊಸಬರು ಮೋಸಹೋಗುವುದು ಇಲ್ಲೇ: ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9:20ರ ಹೊತ್ತಿಗೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೂ ಮುಂಚೆ. ಚಳಿಗಾಲದಲ್ಲಿ ಊಟ ಮುಗಿಸಿ ಮೂರಕ್ಕೆ ಹೊರಟರೆ ಗೇಟಿನ ಬೀಗ ನೋಡಿಕೊಂಡು ಬರಬೇಕಾದೀತು. ಜೋರು ಗಾಳಿಯ ದಿನ ಕೊಂಬೆ ಬೀಳುವ ಭಯಕ್ಕೆ ಇಡೀ ಪಾರ್ಕನ್ನೇ ಮುಚ್ಚುವುದುಂಟು. ಅಂಥ ದಿನ ಹೊರಡುವ ಮುನ್ನ ರಾಯಲ್ ಪಾರ್ಕ್ಸ್ ಜಾಲತಾಣ ನೋಡಿ.

ಪ್ರಯಾಣದ ಒಂದು ಮಾತು. ಟ್ಯೂಬಿನಲ್ಲಿ ಹತ್ತುವಾಗ ನಿಲ್ದಾಣದ ಯಂತ್ರಕ್ಕೆ ಮುಟ್ಟಿಸಿದ ಬ್ಯಾಂಕ್ ಕಾರ್ಡನ್ನೇ ಇಳಿದು ಹೊರಬರುವಾಗಲೂ ಮುಟ್ಟಿಸಬೇಕು. ಹತ್ತುವಾಗ ಕಾರ್ಡು, ಇಳಿಯುವಾಗ ಫೋನು ಎಂದರೆ, ಎರಡೂ ಒಂದೇ ಬ್ಯಾಂಕ್ ಖಾತೆಯದ್ದಾದರೂ ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ. ಎರಡು ಅರೆಬರೆ ಪ್ರಯಾಣಗಳ ದುಡ್ಡು ಹೋಗುತ್ತದೆ. ಬಸ್ಸಿನಲ್ಲಿ ಹತ್ತುವಾಗ ಒಂದು ಸಲ ಮುಟ್ಟಿಸಿದರೆ ಸಾಕು.

ಕ್ಯೂ ತೋಟಕ್ಕೆ ಟಿಕೆಟ್ ಇದೆ, ಅಗ್ಗವೂ ಅಲ್ಲ. ಆದರೂ ಒಂದು ಇಡೀ ದಿನ ಇಟ್ಟುಕೊಂಡು ಹೋಗಿ. 1759ರಲ್ಲಿ ರಾಜಕುಮಾರಿ ಆಗಸ್ಟಾ ಕಾಲದಲ್ಲಿ ಶುರುವಾದ ಈ ಸಸ್ಯತೋಟ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಲಾಲ್‌ಬಾಗನ್ನು ಬೆಳೆಸಿದ ಕೃಂಬಿಗಲ್ ಬರೋಡಾಕ್ಕೂ ಆಮೇಲೆ ಬೆಂಗಳೂರಿಗೂ ಬರುವ ಮುನ್ನ ಹೈಡ್ ಪಾರ್ಕಿನ ಹೂಮಡಿಗಳಲ್ಲಿ, ಬಳಿಕ ಇದೇ ಕ್ಯೂನಲ್ಲಿ ಕೆಲಸ ಮಾಡಿದವರು. ಲಾಲ್‌ಬಾಗ್ ನೋಡಿ ಬೆಳೆದವರಿಗೆ ಇಲ್ಲಿಯ ಗಾಜಿನ ಮನೆಗಳು ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ.

ಕ್ಯೂ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದವರೆಲ್ಲ ವಿಕ್ಟೋರಿಯಾ ಗೇಟಿಗೇ ಹೋಗುವುದರಿಂದ ಸಾಲು ಅಲ್ಲೇ. ರಿಚ್ಮಂಡ್ ನಿಲ್ದಾಣದಲ್ಲಿ ಇಳಿದು ಹದಿನೈದು ನಿಮಿಷದಷ್ಟು ನಡೆದರೆ ದಕ್ಷಿಣದ ಲಯನ್ ಗೇಟ್ ಸಿಗುತ್ತದೆ. ಒಳಗೆ ಕಾಲಿಟ್ಟರೆ ಹತ್ತಿರದಲ್ಲೇ 1762ರ ಹತ್ತಂತಸ್ತಿನ ಪಗೋಡ. ಅಲ್ಲಿಂದ ಟೆಂಪರೇಟ್ ಹೌಸ್ ಎಂಬ ಗಾಜಿನ ಮನೆ, ಆಮೇಲೆ 1848ರಲ್ಲಿ ಮುಗಿದ ಪಾಮ್ ಹೌಸ್ ಎಂಬ ಕ್ರಮದಲ್ಲಿ ಉತ್ತರಕ್ಕೆ ಸಾಗಿದರೆ ಜನರ ಹರಿವಿಗೆ ಎದುರಾಗಿ ನಡೆದಂತಾಗುತ್ತದೆ. ಪಾಮ್ ಹೌಸಿನಲ್ಲಿ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ ಸೈಕಡ್ ಎಂಬ, ತಾಳೆಯಂತೆ ಕಾಣುವ ಗಿಡ ಇದೆ, ಕುಂಡದಲ್ಲಿ ಬೆಳೆದ ಗಿಡಗಳಲ್ಲಿ ಅತಿ ಹಳೆಯದೆಂದು ಹೆಸರಾದದ್ದು. ಚಳಿಯಿಂದ ಒಳಗೆ ಹೋದ ಕೂಡಲೇ ಕನ್ನಡಕ, ಕ್ಯಾಮೆರಾ ಎರಡೂ ಮಂಜಾಗುತ್ತವೆ. ಒರೆಸುತ್ತ ಕೂರಬೇಡಿ, ಹತ್ತು ನಿಮಿಷ ಬಿಟ್ಟರೆ ತಾನೇ ಸರಿಹೋಗುತ್ತದೆ. ಹಳೆಯ ಕಬ್ಬಿಣ, ಗಾಜು ಆದ್ದರಿಂದ ದುರಸ್ತಿ ದೀರ್ಘ: ಟೆಂಪರೇಟ್ ಹೌಸ್ ಐದು ವರ್ಷ ಮುಚ್ಚಿದ್ದು 2018ರಲ್ಲಿ ತೆರೆಯಿತು. ಯಾವ ಮನೆ ತೆರೆದಿದೆ ಎಂದು ನೋಡಿಯೇ ಟಿಕೆಟ್ ತೆಗೆಯಿರಿ, ಮುಂಗಡವಾಗಿ ಆನ್‌ಲೈನಿನಲ್ಲಿ. ಗೇಟಿನಲ್ಲಿ ಕೊಂಡರೆ ದುಬಾರಿ. ವರ್ಷಕ್ಕೆ ನಾಲ್ಕಾರು ಸಲ ಹೋಗುವ ಮನಸ್ಸಿದ್ದರೆ ಸದಸ್ಯತ್ವವೇ ಲೇಸು.

ರಿಚ್ಮಂಡ್ ಪಾರ್ಕ್ ಬೇರೆಯದೇ ಲೋಕ. ಸುಮಾರು 2,500 ಎಕರೆ. 1637ರಲ್ಲಿ ಮೊದಲನೇ ಚಾರ್ಲ್ಸ್ ಬೇಟೆಗೆಂದು ಗೋಡೆ ಕಟ್ಟಿಸಿದ. ಮುಂದೊಮ್ಮೆ ಜನರನ್ನು ಹೊರಗಿಟ್ಟಾಗ ಜಾನ್ ಲೂಯಿಸ್ ಎಂಬ ಬಿಯರ್ ತಯಾರಕ ನ್ಯಾಯಾಲಯಕ್ಕೆ ಹೋಗಿ 1758ರಲ್ಲಿ ನಡೆದುಹೋಗುವವರ ಹಕ್ಕನ್ನು ಗೆದ್ದುಕೊಟ್ಟ. ಗೋಡೆ ಹತ್ತಿಳಿಯಲು ಆಗ ಇಟ್ಟ ಏಣಿಯ ನೆನಪು ಲ್ಯಾಡರ್‌ಸ್ಟೈಲ್ ಗೇಟ್ ಎಂಬ ಹೆಸರಿನಲ್ಲಿ ಉಳಿದಿದೆ. ಪಾರ್ಕಿನೊಳಗಿನ ಇಸಬೆಲ್ಲಾ ಪ್ಲಾಂಟೇಶನ್ ಎಂಬ ಹೂತೋಟ ನೋಡಲು ಆ ಗೇಟೇ ಅನುಕೂಲ: ಕಿಂಗ್‌ಸ್ಟನ್‌ನಿಂದ 85ನೇ ನಂಬರ್ ಬಸ್ಸು ಹಿಡಿದು ಕಿಂಗ್‌ಸ್ಟನ್ ಹಿಲ್‌ನಲ್ಲಿ ಇಳಿದು ನಡೆಯಿರಿ. ತೊರೆಯ ಎರಡೂ ದಡಕ್ಕೆ ಅಝೇಲಿಯಾ ಹೂ ತುಂಬಿಕೊಳ್ಳುವುದು ಏಪ್ರಿಲ್ ಕೊನೆ, ಮೇ ಮೊದಲ ವಾರ. ಆ ವಾರಾಂತ್ಯಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರದ ದಿನ ಬೆಳಿಗ್ಗೆ ಬೇಗ ಹೋಗಿ. ಸುತ್ತ ಬೇಲಿ ಹಾಕಿರುವುದು ಜಿಂಕೆ ನುಗ್ಗದಿರಲೆಂದು, ಹಾಗಾಗಿ ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿ.

ಜಿಂಕೆಗಳು ಸುಮಾರು 600. ಸಾಧುವಾಗಿ ಕಾಣುತ್ತವೆ, ಆದರೆ ಕಾಡುಪ್ರಾಣಿಗಳೇ. ಕನಿಷ್ಠ 50 ಮೀಟರ್ ದೂರವಿರಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡುಗಳು ಬೆದೆಗೆ ಬಂದು ಕಾದಾಡುತ್ತವೆ. ಮೇಯಿಂದ ಜುಲೈವರೆಗೆ ತಾಯಂದಿರು ಮರಿಗಳನ್ನು ಎತ್ತರದ ಜರೀಗಿಡಗಳಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತವೆ. ಒಂಟಿ ಮರಿ ಕಂಡರೆ ಅನಾಥವೆಂದು ಹತ್ತಿರ ಹೋಗಬೇಡಿ, ತಾಯಿ ಎರಗಿ ಬರಬಹುದು.

ಅದೇ ಜರೀಗಿಡಗಳಲ್ಲಿ ಉಣುಗು ಇರುತ್ತದೆ, ದನಕರುಗಳಿಗೆ ಹತ್ತುವ ಜಾತಿಯದೇ. ಕೆಲವು ಲೈಮ್ ಎಂಬ ರೋಗ ಹರಡುತ್ತವೆ. ಉದ್ದ ಪ್ಯಾಂಟು ತೊಟ್ಟು ಕಾಲುಚೀಲದೊಳಗೆ ಸೇರಿಸಿ, ತುಳಿದ ದಾರಿಯಲ್ಲೇ ನಡೆಯಿರಿ. ಮನೆಗೆ ಬಂದು ಮೊಣಕಾಲ ಹಿಂಭಾಗ, ತೊಡೆಸಂದು, ಕಂಕುಳು, ಮಕ್ಕಳಾದರೆ ಕೂದಲಂಚು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಹಿಂಸೆಯಾದ ಉಣುಗು ಗಾಯಕ್ಕೇ ಕಕ್ಕುತ್ತದೆ. ಮುಂದಿನ ವಾರಗಳಲ್ಲಿ ಕೆಂಪು ವೃತ್ತ ಹರಡಿದರೆ ಅಥವಾ ಜ್ವರದಂತಾದರೆ ಜಿಪಿಗೆ (ನಿಮ್ಮ ಬಡಾವಣೆಯ ವೈದ್ಯರಿಗೆ) ತೋರಿಸಿ, ಎಲ್ಲಿ ಹೋಗಿದ್ದಿರಿ ಎಂಬುದನ್ನೂ ಹೇಳಿ. ಬೇಸಿಗೆಯ ಶುರುವಿನಲ್ಲಿ ಓಕ್ ಮರದ ಕಾಂಡದ ಮೇಲೆ ಸಾಲುಗಟ್ಟಿ ಹೋಗುವ ಕಂಬಳಿಹುಳುಗಳೂ ಇವೆ. ಅವುಗಳ ರೋಮ ತಾಗಿದರೆ ವಿಪರೀತ ತುರಿಕೆ, ಆ ಮರದ ಕೆಳಗೆ ಚಾಪೆ ಹಾಸಬೇಡಿ.

ಇಷ್ಟು ದೂರ ಹೋಗಲು ಬಿಡುವಿಲ್ಲದವರಿಗೆ ಊರ ನಡುವೆಯೇ ಸಣ್ಣ ತೋಟಗಳಿವೆ. ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್ ಎಂಬುದು 1941ರ ಬಾಂಬಿಗೆ ಕುಸಿದ ಚರ್ಚು. ಈಗ ಕಿಟಕಿಗಳಲ್ಲಿ ಬಳ್ಳಿ ಹಬ್ಬಿದೆ. ಸೇಂಟ್ ಪಾಲ್ಸ್ ಹತ್ತಿರದ ಪೋಸ್ಟ್‌ಮನ್ಸ್ ಪಾರ್ಕಿನಲ್ಲಿ, ಇನ್ನೊಬ್ಬರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಸಾಮಾನ್ಯ ಜನರ ಹೆಸರುಗಳನ್ನು ಹೆಂಚಿನ ಬಿಲ್ಲೆಗಳ ಮೇಲೆ ಬರೆಸಿಟ್ಟಿದ್ದಾರೆ, 1900ರಿಂದ. ಅವಸರದಲ್ಲಿ ಓದುವಂಥದ್ದಲ್ಲ ಅದು. ಮಧ್ಯಾಹ್ನ 12ರಿಂದ 2 ಆಫೀಸಿನವರ ಊಟದ ಹೊತ್ತು, ಬೆಂಚು ಸಿಗದು; ಭಾನುವಾರ ಬೆಳಿಗ್ಗೆ ಆ ಬೀದಿಗಳೇ ಖಾಲಿ. ಚೆಲ್ಸಿ ಫಿಸಿಕ್ ಗಾರ್ಡನ್ 1673ರ ಔಷಧಿ ತೋಟ. ಟಿಕೆಟ್ ಇದೆ, ಶನಿವಾರ ರಜೆ. ರೀಜೆಂಟ್ಸ್ ಪಾರ್ಕಿನಲ್ಲಿ ಜೂನ್ ಮೊದಲೆರಡು ವಾರ ಕ್ವೀನ್ ಮೇರಿ ತೋಟದ ಸುಮಾರು 12,000 ಗುಲಾಬಿಗಳಿಗೆ ಎಲ್ಲರೂ ಮುತ್ತುತ್ತಾರೆ, ಇನ್ನರ್ ಸರ್ಕಲ್ ರಸ್ತೆಗೇ ಹೊಂದಿದ ಸೇಂಟ್ ಜಾನ್ಸ್ ಲಾಡ್ಜ್ ತೋಟದ ಚಿಕ್ಕ ಗೇಟನ್ನು ಮಾತ್ರ ಕಾಣದೆ ದಾಟಿಹೋಗುತ್ತಾರೆ. ತಳ್ಳಿಕೊಂಡು ಒಳಗೆ ಹೋಗಿ, ಅದು ಸಾರ್ವಜನಿಕರದೇ.

ಬೀಗ ಹಾಕಿದ ಚೌಕದ ತೋಟಗಳು ಮಾತ್ರ ಸುತ್ತಲಿನ ಮನೆಯವರ ಸ್ವತ್ತು. ಅಂಥವುಗಳಲ್ಲಿ ಹಲವು ಜೂನ್‌ನ ಒಂದು ವಾರಾಂತ್ಯ ಟಿಕೆಟ್ ಮೇಲೆ ತೆರೆಯುತ್ತವೆ. 1789ರಲ್ಲಿ ನೆಟ್ಟ ಪ್ಲೇನ್ ಎಂಬ ಜಾತಿಯ ಮರಗಳಿರುವ ಬರ್ಕ್ಲಿ ಸ್ಕ್ವೇರ್, ಗಾಂಧಿ ಪ್ರತಿಮೆಯ ಟ್ಯಾವಿಸ್ಟಾಕ್ ಸ್ಕ್ವೇರ್ ಎಲ್ಲರಿಗೂ ಮುಕ್ತ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಗೆ ಹೋದವರು ಹಾಗೇ ಹೊಳೆಯ ದಂಡೆಯಲ್ಲಿ ನಡೆದು ಲ್ಯಾಂಬೆತ್ ಅರಮನೆ ಪಕ್ಕದ ಗಾರ್ಡನ್ ಮ್ಯೂಸಿಯಂ ನೋಡಿ ಬನ್ನಿ.

ಎಲ್ಲ ಕಡೆಗೂ ಅನ್ವಯಿಸುವ ಒಂದೆರಡು ವಿಷಯ. ದೇವರ ಪೂಜೆಗೆಂದು ಒಂದು ಹೂವನ್ನೂ ಕೀಳುವಂತಿಲ್ಲ. ಶರತ್ಕಾಲದಲ್ಲಿ ಉದುರಿದ ಚೆಸ್ಟ್‌ನಟ್ ಕೂಡ ಆರಿಸಬಾರದು. ಅವು ಜಿಂಕೆಗಳ ಚಳಿಗಾಲದ ಆಹಾರ, ಮೇಲಾಗಿ ಹಾರ್ಸ್ ಚೆಸ್ಟ್‌ನಟ್ ಎಂಬ ಹೋಲಿಕೆಯ ಜಾತಿ ವಿಷ. ಬಾತುಗಳಿಗೆ ಬ್ರೆಡ್ ಹಾಕಬೇಡಿ. ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಕೂರಲು ಅಡ್ಡಿಯಿಲ್ಲ, ಬೆಂಕಿ ಹಚ್ಚುವಂತಿಲ್ಲ. ಪಟ್ಟೆ ಬಟ್ಟೆಯ ಡೆಕ್ ಕುರ್ಚಿಗಳು ಖಾಲಿ ಕಂಡರೂ ಬಾಡಿಗೆಯವು. ಕೂತ ಮೇಲೆ ದುಡ್ಡು ಕೇಳಲು ಬರುತ್ತಾರೆ.