ಕ್ಯಾಮರೋಗೆ ಹೈ ಸ್ಟಾಲ್ ಕನ್ವರ್ಟರ್: ಯಾವ್ದು ತಗೋಬೇಕು, ಹೆಂಗ್ ಕೂರಿಸ್ಬೇಕು

ಆಟೋಮ್ಯಾಟಿಕ್ ಗಾಡಿ ಡ್ರ್ಯಾಗ್ ಸ್ಟ್ರಿಪ್‌ಗೆ (ಕಾಲು ಮೈಲಿ ನೇರ ರೇಸ್ ಟ್ರ್ಯಾಕ್‌ಗೆ) ತಗೊಂಡೋಗಿ ನಾಲ್ಕ್ ರನ್ ಹೊಡ್ದವ್ರಿಗೆ ಇದು ಗೊತ್ತಿರತ್ತೆ, ಹಸಿರು ಲೈಟ್ ಬಿದ್ದಾಗ ಕಾಲು ಪೂರ್ತಿ ಒತ್ತಿದ್ರೂ ಗಾಡಿ ಮೊದ್ಲು ಎಮ್ಮೆ ಎದ್ದಂಗೆ ಏಳತ್ತೆ, ಆಮೇಲೆ ಓಡತ್ತೆ. ನನ್ನದು 1998ರ ಶೆವರ್ಲೆ ಕ್ಯಾಮರೋ ಝಡ್28, ಎಲ್‌ಎಸ್1 ಅನ್ನೋ ವಿ8 ಇಂಜಿನ್, 305 ಹಾರ್ಸ್‌ಪವರ್, 4ಎಲ್60ಇ ಆಟೋಮ್ಯಾಟಿಕ್ ಗೇರ್‌ಬಾಕ್ಸ್, 3.23 ರಿಯರ್ ಗೇರ್ (ಹಿಂದಿನ ಆಕ್ಸಲ್‌ನ ಗೇರ್ ರೇಶಿಯೋ). ಇರೋದು ಡೆಟ್ರಾಯಿಟ್ ಕಡೆ, ಬೇಸಿಗೇಲಿ ಮಿಲಾನ್ ಸ್ಟ್ರಿಪ್‌ಗೆ ಹೋಗ್ತೀನಿ. ಈ ಗಾಡಿಗೆ ಹೆಡರ್ಸು, ಇಂಟೇಕು, ಅದು ಇದು ಅಂತ ದುಡ್ಡು ಸುರಿಯೋಕ್ ಮುಂಚೆ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನ ಎಣ್ಣೆ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸೋ ಭಾಗ) ಬದಲಾಯಿಸಿ ಅಂತ ನಾನು ಎಲ್ರಿಗೂ ಹೇಳೋದು, ಯಾಕಂದ್ರೆ ಮೊದಲ 60 ಅಡೀಲಿ ಉಳಿಸಿದ ಒಂದು ಹತ್ತನೇ ಸೆಕೆಂಡು ಕ್ವಾರ್ಟರ್ ಮೈಲ್ ಮುಗಿಯೋಷ್ಟ್ರಲ್ಲಿ ಒಂದೂವರೆ ಎರಡರಷ್ಟಾಗಿ ವಾಪಸ್ ಬರತ್ತೆ.

ಸ್ಟಾಲ್ ಅಂದ್ರೇನು ಅಂತ ಮೊದ್ಲು ತಲೇಲಿ ಕೂರ್ಬೇಕು. ಆಗುಂಬೆ ಘಾಟಿ ತಿರುವಲ್ಲಿ ಹಾಫ್ ಕ್ಲಚ್ ಕೊಟ್ಟು ಇಂಜಿನ್ ಬೀಳದಂಗೆ ರೇಸ್ ಮಾಡ್ತಾ ಎಳೀತೀವಲ್ಲ, ಟಾರ್ಕ್ ಕನ್ವರ್ಟರ್ ಅದನ್ನೇ ಎಣ್ಣೇಲಿ ಮಾಡತ್ತೆ. ಇಂಜಿನ್ ಕಡೆ ಇರೋ ಇಂಪೆಲರ್ ಎಣ್ಣೆ ತಳ್ಳತ್ತೆ, ಗೇರ್‌ಬಾಕ್ಸ್ ಕಡೆ ಇರೋ ಟರ್ಬೈನ್ ಆ ತಳ್ಳಾಟಕ್ಕೆ ತಿರುಗತ್ತೆ, ಮಧ್ಯ ಇರೋ ಸ್ಟೇಟರ್ ವಾಪಸ್ ಬರೋ ಎಣ್ಣೆ ದಿಕ್ಕು ತಿರುಗಿಸಿ ಮತ್ತೆ ಇಂಪೆಲರ್‌ಗೇ ಬಲ ಕೊಡತ್ತೆ, ಅದ್ರಿಂದಾನೇ ನಿಂತ ಜಾಗದಲ್ಲಿ ಇಂಜಿನ್ ಟಾರ್ಕು ಹೆಚ್ಚೂಕಮ್ಮಿ ಎರಡರಷ್ಟಾಗಿ ಗೇರ್‌ಬಾಕ್ಸ್‌ಗೆ ಸಿಗೋದು. ಟರ್ಬೈನ್ ನಿಂತಿದ್ದಾಗ ಇಂಜಿನ್ ಎಷ್ಟು ಆರ್‌ಪಿಎಂ ತನಕ ಏರತ್ತೋ ಅದು ಸ್ಟಾಲ್. ಕಂಪನಿ ಕನ್ವರ್ಟರ್‌ಗಳದ್ದು 1800, 2000 ಸುತ್ತ ಇರತ್ತೆ, ಪೆಟ್ರೋಲ್ ಉಳೀಲಿ, ಸಿಗ್ನಲ್‌ನಲ್ಲಿ ಮೆತ್ತಗೆ ಹೋಗ್ಲಿ ಅಂತ. ಆದ್ರೆ ಎಲ್‌ಎಸ್1ಗೆ ನಿಜವಾದ ಟಾರ್ಕ್ ಸಿಗೋದು 4000 ಸುತ್ತ. ಅಂದ್ರೆ ಇಂಜಿನ್ ಇನ್ನೂ ಆಕಳಿಸ್ತಿರೋವಾಗ್ಲೇ ಗಾಡಿ ಎಳೀಬೇಕು ಅಂತ ಕೇಳ್ತಿದೀವಿ.

ಇಲ್ಲೇ ಜಾಸ್ತಿ ಜನ ಎಡವೋದು. ಬಾಕ್ಸ್ ಮೇಲೆ 3000 ಅಂತ ಬರ್ದಿದ್ರೆ ನಿಮ್ ಗಾಡೀಲಿ 3000 ಬರ್ಲೇಬೇಕು ಅಂತಿಲ್ಲ. ಅದೇ ಕನ್ವರ್ಟರ್ ಸಣ್ಣ ಇಂಜಿನ್ ಹಿಂದೆ ಹಾಕಿದ್ರೆ 2600ಕ್ಕೇ ನಿಲ್ಲಬಹುದು, ಬಿಗ್ ಬ್ಲಾಕ್ ಅನ್ನೋ ದೊಡ್ಡ ಇಂಜಿನ್ ಹಿಂದೆ ಹಾಕಿದ್ರೆ 3500 ದಾಟಬಹುದು, ಸ್ಟಾಲ್ ಅನ್ನೋದು ಟಾರ್ಕ್ ಮೇಲೆ ನಿಂತಿದೆ, ಗಾಡಿ ತೂಕ, ಗೇರು, ಟೈರ್ ಎತ್ತರ ಎಲ್ಲಾ ಅದಕ್ಕೆ ಕೈ ಹಾಕತ್ತೆ. ಅದಕ್ಕೇ ಕ್ಯಾಟಲಾಗ್ ನೋಡಿ ಆರ್ಡರ್ ಮಾಡ್ಬೇಡಿ. ಕನ್ವರ್ಟರ್ ಮಾಡೋವ್ರಿಗೆ ಫೋನ್ ಮಾಡಿ ತೂಕ, ಕ್ಯಾಮ್ (ಇಂಜಿನ್ ವಾಲ್ವ್ ತೆರೆಯೋ ಶಾಫ್ಟ್), ಗೇರ್, ಟೈರು, ನೈಟ್ರಸ್ ಇದೆಯಾ ಇಲ್ವಾ, ದಿನಾ ಓಡಿಸ್ತೀರಾ ಇಲ್ವಾ, ಎಲ್ಲಾ ಇದ್ದಿದ್ದು ಇದ್ದಂಗೆ ಹೇಳಿ. ಡಾಕ್ಟರ ಹತ್ರ, ಕನ್ವರ್ಟರ್ ಮಾಡೋವ್ನ ಹತ್ರ ಜಂಬ ಕೊಚ್ಚಬಾರ್ದು. ಇಲ್ಲದ ಹಾರ್ಸ್‌ಪವರ್ ಹೇಳಿದ್ರೆ ಅವ್ನು ಅದಕ್ಕೆ ತಕ್ಕಂಗೆ ಬಿಗಿ ಮಾಡಿ ಕಳಿಸ್ತಾನೆ, ನಿಮಗೆ ಸ್ಟಾಲ್ ಕಮ್ಮಿ ಬರತ್ತೆ, ಆಮೇಲೆ ಅವ್ನನ್ನೇ ಬೈಕೊಂಡು ಓಡಾಡ್ತೀರಿ.

ಇನ್ನೊಂದು ಗೊಂದಲ ಫ್ಲ್ಯಾಶ್ ಸ್ಟಾಲ್ ಮತ್ತೆ ಫುಟ್ ಬ್ರೇಕ್ ಸ್ಟಾಲ್ ಬಗ್ಗೆ. ಬ್ರೇಕ್ ಒತ್ತಿ ಆಕ್ಸಿಲರೇಟರ್ ಕೊಟ್ರೆ ಒಂದ್ 2000, 2300ಕ್ಕೆಲ್ಲಾ ಹಿಂದಿನ ಚಕ್ರ ಬ್ರೇಕನ್ನೇ ಸೋಲ್ಸಿ ತಿರುಗೋಕೆ ಶುರು ಮಾಡತ್ತೆ, ಆಗ ಜನ ಅಯ್ಯೋ 3400 ಅಂತ ತಗೊಂಡೆ 2300 ಬರ್ತಿದೆ ಅಂತ ಬಾಯಿ ಬಡ್ಕೋತಾರೆ. ಅದು ಕನ್ವರ್ಟರ್ ತಪ್ಪಲ್ಲ. ಐಡಲ್‌ನಿಂದ ಒಂದೇ ಏಟಿಗೆ ಪೂರ್ತಿ ಒತ್ತಿದಾಗ ಸೂಜಿ ಎಲ್ಲಿಗೆ ಹಾರತ್ತೋ ಅದು ಫ್ಲ್ಯಾಶ್, ಅದೇ ನಿಮಗೆ ಬೇಕಾಗಿರೋ ಲೆಕ್ಕ. ಟ್ರಾನ್ಸ್‌ಬ್ರೇಕ್ ಇರೋ ಟಿಎಚ್400, ಪವರ್‌ಗ್ಲೈಡ್ ಗೇರ್‌ಬಾಕ್ಸ್‌ಗಳ ಕಥೆ ಬೇರೆ, ಅದ್ರಲ್ಲಿ ಫಸ್ಟು ರಿವರ್ಸು ಎರಡೂ ಒಟ್ಟಿಗೆ ಹಿಡ್ಕೊಂಡು ಗಾಡೀನ ನಿಲ್ಸತ್ತೆ.

ನನ್ನ ಗಾಡಿಗೆ 3400 ಸುತ್ತ ಯಾಕೆ ಅಂದ್ರೆ ಬರೀ ಲಾಂಚ್‌ಗೋಸ್ಕರ ಅಲ್ಲ. 4ಎಲ್60ಇ ಗೇರ್ ರೇಶಿಯೋ ನೋಡಿ, ಫಸ್ಟ್ 3.06, ಸೆಕೆಂಡ್ 1.63, ಥರ್ಡ್ 1.00, ಓವರ್‌ಡ್ರೈವ್ 0.70. ಫಸ್ಟಿಗೂ ಸೆಕೆಂಡಿಗೂ ಮಧ್ಯೆ ಬಾವಿ ಥರ ಗ್ಯಾಪು. 6000ಕ್ಕೆ ಶಿಫ್ಟ್ ಮಾಡಿದ್ರೆ, ಒಂಚೂರೂ ಜಾರಲ್ಲ ಅಂತ ಇಟ್ಕೊಂಡ್ರೆ, ಸೂಜಿ 3200ಕ್ಕೆ ಬೀಳತ್ತೆ, ಸೆಕೆಂಡಿಂದ ಥರ್ಡಿಗೆ 3700ಕ್ಕೆ. ಸ್ಟಾಲ್ 3400 ಇದ್ರೆ ಆ ಬಾವಿಗೆ ಬೀಳೋಕೇ ಬಿಡಲ್ಲ, ಶಿಫ್ಟ್ ಆದ್ಮೇಲೂ ಇಂಜಿನ್ ಹಿಡಿತದಲ್ಲೇ ಇರತ್ತೆ. ಈ ಲಾಭದ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ, ನನಗಂತೂ ಲಾಂಚ್‌ಗಿಂತ ಇದೇ ಜಾಸ್ತಿ ಖುಷಿ ಕೊಡ್ತು. ಸ್ಟಾಕ್ ಕ್ಯಾಮ್ ಇಟ್ಕೊಂಡು 4000 ಸ್ಟಾಲ್ ಹಾಕೋದು ಮಾತ್ರ ಶೋಕಿ, ಪಾರ್ಕಿಂಗ್ ಲಾಟ್‌ನಲ್ಲಿ ರಬ್ಬರ್ ಬ್ಯಾಂಡ್ ಎಳ್ದಂಗೆ ಹೋಗತ್ತೆ, ಇಂಜಿನ್ ಕೂಗತ್ತೆ ಗಾಡಿ ಬರಲ್ಲ.

ಲಾಕಪ್ ಕ್ಲಚ್ (ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸಿ ಜಾರಾಟ ನಿಲ್ಸೋ ಕ್ಲಚ್) ಇರೋದನ್ನೇ ತಗೊಳ್ಳಿ, ರಸ್ತೇಲಿ ಓಡಿಸೋದಿದ್ರೆ ಇದ್ರಲ್ಲಿ ಚೌಕಾಸಿ ಬೇಡ. ಲೆಕ್ಕ ಸುಲಭ: ಮೈಲಿ ವೇಗ ಗುಣಿಸು ರಿಯರ್ ಗೇರ್ ಗುಣಿಸು 336, ಭಾಗಿಸು ಟೈರ್ ಎತ್ತರ ಇಂಚಲ್ಲಿ, ಅದನ್ನ ಗೇರ್ ರೇಶಿಯೋಯಿಂದ ಗುಣಿಸಿ. ನನ್ನ ಟೈರ್ 25.7 ಇಂಚು, 60 ಮೈಲಿ ವೇಗದಲ್ಲಿ ಓವರ್‌ಡ್ರೈವ್‌ನಲ್ಲಿ ಸುಮಾರು 1770 ಆರ್‌ಪಿಎಂ ಬರತ್ತೆ. 3400 ಕನ್ವರ್ಟರ್‌ಗೆ 1770 ಅಂದ್ರೆ ಲಾಕ್ ಆಗದೇ ಇದ್ರೆ ದಾರಿಯುದ್ದಕ್ಕೂ ಜಾರ್ತಾನೇ ಇರತ್ತೆ, ಆ ಜಾರಾಟ ಎಲ್ಲಾ ಎಣ್ಣೇಲಿ ಬಿಸಿಯಾಗಿ ಕೂರತ್ತೆ. ಎಣ್ಣೆ 175 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇದ್ರೆ ಆರಾಮು, ಅಲ್ಲಿಂದ ಪ್ರತಿ 20 ಡಿಗ್ರಿಗೆ ಎಣ್ಣೆ ಆಯಸ್ಸು ಅರ್ಧ ಆಗತ್ತೆ ಅಂತ ಗೇರ್‌ಬಾಕ್ಸ್ ಮೆಕ್ಯಾನಿಕ್‌ಗಳು ಹೇಳೋ ಲೆಕ್ಕ. ಅದಕ್ಕೆ ಪ್ಲೇಟ್ ಥರದ ದೊಡ್ಡ ಕೂಲರ್ ಒಂದು ಮುಂದೆ ಗಾಳಿ ಬರೋ ಕಡೆ, ರೇಡಿಯೇಟರ್ ಆದ್ಮೇಲೆ ಬರೋ ಹಂಗೆ ಹಾಕಿ, ಟೆಂಪರೇಚರ್ ಗೇಜ್ ಒಂದು. ಕೂಲರ್ ಆಮೇಲೆ ಹಾಕ್ತೀನಿ ಅನ್ನೋವ್ರು ಗೇರ್‌ಬಾಕ್ಸನ್ನೂ ಆಮೇಲೆ ಹಾಕ್ಬೇಕಾಗತ್ತೆ.

ಬೆಂಗಳೂರಿಂದ ಹುಡುಗ್ರು ಆಗಾಗ ಕೇಳ್ತಾರೆ ನಮ್ ಪೋಲೋ ಡಿಎಸ್‌ಜಿಗೆ ಸ್ಟಾಲ್ ಏರಿಸ್ಬೋದಾ ಅಂತ. ಇಲ್ಲಪ್ಪ, ಅದ್ರಲ್ಲಿ ಇರೋದು ಎರಡು ಕ್ಲಚ್ಚು, ಟಾರ್ಕ್ ಕನ್ವರ್ಟರೇ ಇಲ್ಲ.

ಈಗ ಕೆಲಸ. ಬ್ಯಾಟರಿ ಬಿಚ್ಚಿ, ಗಾಡಿ ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಮೇಲೆ ಎತ್ತರಕ್ಕೆ ಕೂರಿಸಿ, ಕೆಳಗೆ ಮಲಗೋ ಮುಂಚೆ ಒಂದ್ಸಲ ಜೋರಾಗಿ ಅಲ್ಲಾಡ್ಸಿ ನೋಡಿ. ಎಣ್ಣೆ ಇಳಿಸಿ, ಎಕ್ಸಾಸ್ಟ್ ವೈ ಪೈಪ್, ಡ್ರೈವ್‌ಶಾಫ್ಟ್, ಶಿಫ್ಟ್ ಕೇಬಲ್, ವೈರಿಂಗ್ ಪ್ಲಗ್ಗುಗಳು, ಕೂಲರ್ ಪೈಪು ಎಲ್ಲಾ ಬಿಚ್ಚಿ. ಕ್ಯಾಮರೋದಲ್ಲಿ ಹಿಂದಿನ ಆಕ್ಸಲ್ ಹಿಡಿಯೋ ಟಾರ್ಕ್ ಆರ್ಮ್ ಬೇರೆ ಗೇರ್‌ಬಾಕ್ಸ್ ಬಾಲಕ್ಕೆ ಅಂಟ್ಕೊಂಡಿರತ್ತೆ, ಅದನ್ನ ಮರೀಬೇಡಿ. ಫ್ಲೆಕ್ಸ್‌ಪ್ಲೇಟ್‌ಗೆ (ಇಂಜಿನ್ ಹಿಂದಿನ ತೆಳು ತಟ್ಟೆಗೆ) ಕನ್ವರ್ಟರ್ ಹಿಡ್ದಿರೋ ಮೂರು ಬೋಲ್ಟ್ ಒಂದೊಂದಾಗಿ ಇಂಜಿನ್ ತಿರುಗಿಸ್ತಾ ತೆಗೀಬೇಕು. ಬೆಲ್‌ಹೌಸಿಂಗ್‌ದು (ಇಂಜಿನ್‌ಗೆ ಸೇರೋ ಗೇರ್‌ಬಾಕ್ಸ್ ಬಾಯಿ) ಮೇಲಿನ ಬೋಲ್ಟ್‌ಗಳು ಫೈರ್‌ವಾಲ್ ಒಳಗೆ ಅಡಗಿರತ್ತೆ, ಕ್ರಾಸ್‌ಮೆಂಬರ್ ಬಿಚ್ಚಿ ಗೇರ್‌ಬಾಕ್ಸ್ ಬಾಲ ಕೆಳಗೆ ಬಗ್ಗಿಸಿ ಎರಡ್ಮೂರು ಅಡಿ ಎಕ್ಸ್‌ಟೆನ್ಶನ್ ಹಾಕಿದ್ರೆ ಮಾತ್ರ ಸಿಗತ್ತೆ. ಟ್ರಾನ್ಸ್‌ಮಿಷನ್ ಜ್ಯಾಕ್ ಬಾಡಿಗೆಗೆ ತಗೊಳ್ಳಿ, ಎದೆ ಮೇಲೆ ಇಳಿಸ್ಕೋತೀನಿ ಅನ್ನೋ ಪೈಲ್ವಾನ್‌ಗಿರಿ ಬೇಡ.

ಹೊಸ ಕನ್ವರ್ಟರ್‌ಗೆ ಒಂದು ಕ್ವಾರ್ಟ್ (ಹತ್ರ ಹತ್ರ ಒಂದು ಲೀಟರ್) ಎಣ್ಣೆ ಸುರಿದು, ಹಬ್‌ಗೂ ಮುಂದಿನ ಸೀಲ್‌ಗೂ ಎಣ್ಣೆ ಸವರಿ (ಸೀಲ್ ಹೊಸದೇ ಹಾಕಿ), ಮೆತ್ತಗೆ ಶಾಫ್ಟ್ ಮೇಲೆ ಏರಿಸಿ. ಇನ್ನು ಇಡೀ ಕೆಲಸದ ಜೀವ ಇರೋದು ಮುಂದಿನ ಐದು ನಿಮಿಷದಲ್ಲಿ. ಎರಡೂ ಕೈಲಿ ಹಿಡ್ಕೊಂಡು ತಿರುಗಿಸ್ತಾ ಒಳಗೆ ತಳ್ತಾ ಇರಿ, ಮೂರು ಸಲ ಟಕ್ ಅಂತ ಒಳಗೆ ಇಳೀಬೇಕು: ಸ್ಟೇಟರ್ ಸ್ಪ್ಲೈನಿಗೆ ಒಂದು, ಇನ್‌ಪುಟ್ ಶಾಫ್ಟಿಗೆ ಒಂದು, ಕೊನೇದು ಪಂಪಿಗೆ. ಆ ಮೂರನೇ ಟಕ್ ಬಹಳ ಸತಾಯಿಸತ್ತೆ, ಎರಡಕ್ಕೇ ಆಯ್ತು ಅನ್ನಿಸಿಬಿಡತ್ತೆ. ವರ್ಷಗಳ ಹಿಂದೆ ಗೆಳೆಯನ ಟಿಎಚ್350 ಗೇರ್‌ಬಾಕ್ಸ್‌ಗೆ ಹಿಂಗೇ ಅನ್ಕೊಂಡು ಬೆಲ್‌ಹೌಸಿಂಗ್ ಇಂಜಿನ್‌ಗೆ ಪೂರ್ತಿ ಸೇರ್ದೇ ಇದ್ದಾಗ ಬೋಲ್ಟ್ ಹಾಕಿ ಎಳ್ದೆ, ಒಳಗೆ ಪಂಪ್ ಗೇರ್ ಚೂರಾಯ್ತು, ಸ್ಟಾರ್ಟ್ ಮಾಡಿದ ಅರ್ಧ ನಿಮಿಷಕ್ಕೇ ಗೊತ್ತಾಯ್ತು. ತಪ್ಪು ಪೂರಾ ನಂದೇ, ಬಿಲ್ಲೂ ನಂದೇ.

ಅವತ್ತಿಂದ ನಂಬೋದು ಕಿವಿಯನ್ನಲ್ಲ, ಟೇಪನ್ನ. ಬೆಲ್‌ಹೌಸಿಂಗ್ ಬಾಯಿಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು ಅಲ್ಲಿಂದ ಕನ್ವರ್ಟರ್ ಬೋಲ್ಟ್ ಪ್ಯಾಡ್ ಎಷ್ಟು ಒಳಗಿದೆ ಅಳೀರಿ. ಇಂಜಿನ್ ಕಡೆ ಬ್ಲಾಕ್ ಮುಖದಿಂದ ಫ್ಲೆಕ್ಸ್‌ಪ್ಲೇಟ್ ಎಷ್ಟು ಆಚೆ ಬಂದಿದೆ ಅಳೀರಿ. ಮೊದಲನೇದ್ರಲ್ಲಿ ಎರಡನೇದು ಕಳೆದ್ರೆ ಉಳಿಯೋದು ಗ್ಯಾಪು, ಇಂಚಿನ ಎಂಟನೇ ಒಂದು ಭಾಗದಿಂದ ಹದಿನಾರನೇ ಮೂರು ಭಾಗ ಇದ್ರೆ ಸರಿ. ಬೆಲ್‌ಹೌಸಿಂಗ್ ಕೈಯಲ್ಲೇ ತಳ್ಳಿ ಬ್ಲಾಕ್‌ಗೆ ಸೇರ್ಬೇಕು, ಸೇರಿದ್ಮೇಲೆ ಕನ್ವರ್ಟರ್ ಕೈಯಲ್ಲಿ ತಿರುಗಿಸಿದ್ರೆ ಸಲೀಸಾಗಿ ತಿರುಗ್ಬೇಕು. ತಿರುಗಲ್ವಾ, ಬಿಚ್ಚಿ ಮತ್ತೆ ಕೂರ್ಸಿ. ಗ್ಯಾಪ್ ಜಾಸ್ತಿ ಬಂದ್ರೆ ಮೂರೂ ಬೋಲ್ಟ್‌ಗೂ ಒಂದೇ ದಪ್ಪದ ವಾಷರ್ ಹಾಕ್ಬಹುದು, ಕಮ್ಮಿ ಬಂದ್ರೆ ಪಂಪ್ ಮೇಲೆ ಒತ್ತಡ, ಹಂಗೇ ಬಿಡ್ಬೇಡಿ. ಹಳೇ ಎಣ್ಣೆ ಸುಟ್ಟ ವಾಸನೆ ಬರ್ತಿದ್ರೆ ಕೂಲರ್ ಪೈಪ್ ತೊಳೀದೇ ಹೊಸ ಕನ್ವರ್ಟರ್ ಹಾಕೋದು ಅಂದ್ರೆ ಕೊಳಕು ನೀರಲ್ಲಿ ಹೊಸ ಬಟ್ಟೆ ನೆನೆಸಿದಂಗೆ.

ಎಣ್ಣೆ ಮೊದ್ಲು ನಾಲ್ಕೈದು ಕ್ವಾರ್ಟ್ ಹಾಕಿ ಸ್ಟಾರ್ಟ್ ಮಾಡಿ, ಇಂಜಿನ್ ಓಡ್ತಿರೋವಾಗ್ಲೇ ಬೇಗ ಬೇಗ ಉಳಿದಿದ್ದು ಸುರೀರಿ, ಬ್ರೇಕ್ ಒತ್ತಿ ಎಲ್ಲಾ ಗೇರ್‌ಗೂ ಒಂದ್ಸಲ ಹೋಗ್ಬಂದು ಡಿಪ್‌ಸ್ಟಿಕ್ ನೋಡಿ. ಹೈ ಸ್ಟಾಲ್ ಕನ್ವರ್ಟರ್ ಸಾಮಾನ್ಯವಾಗಿ ಸೈಜಲ್ಲಿ ಸಣ್ಣದು, ಎಣ್ಣೆ ಕಮ್ಮಿ ಹಿಡಿಯತ್ತೆ, ಹಳೇ ಲೆಕ್ಕ ನಂಬಬೇಡಿ. ಆಮೇಲೆ ಕಂಪ್ಯೂಟರ್ ಟ್ಯೂನ್, ಲಾಕಪ್ ಯಾವ ವೇಗದಲ್ಲಿ ಆಗ್ಬೇಕು, ಶಿಫ್ಟ್ ಎಲ್ಲಿ ಆಗ್ಬೇಕು ಅನ್ನೋದು ಹೊಸ ಕನ್ವರ್ಟರ್‌ಗೆ ಹೊಂದಿಸ್ಬೇಕು. ಸಾಧಾರಣ ಒಂದೇ ಡಿಸ್ಕಿನ ಲಾಕಪ್ ಆದ್ರೆ ಪೂರ್ತಿ ಥ್ರಾಟಲ್‌ನಲ್ಲಿ ಲಾಕ್ ಆಗೋಕೆ ಬಿಡ್ಬೇಡಿ, ಉರಿದುಹೋಗತ್ತೆ. ಇನ್ನೊಂದ್ ಮಾತು, ಲಾಂಚ್ ಜೋರಾದ್ರೆ ಪೆಟ್ಟು ಬೀಳೋದು ಹಿಂದಕ್ಕೆ. ಈ ಕ್ಯಾಮರೋ ಹತ್ತು ಬೋಲ್ಟ್ ರಿಯರ್ ಆಕ್ಸಲ್ ಮೊದ್ಲೇ ವೀಕು, ಡ್ರ್ಯಾಗ್ ರೇಡಿಯಲ್ ಟೈರ್ ಹಾಕಿ ಹಿಡಿತ ಸಿಕ್ಕಿದ ದಿನ ಅದು ಕೈ ಕೊಡತ್ತೆ. ಗೇರ್‌ಬಾಕ್ಸ್ ಒಳಗೆ ಸನ್ ಶೆಲ್ ಅನ್ನೋ ಭಾಗ ಒಡೆದ್ರೆ ಸೆಕೆಂಡು, ಫೋರ್ತು, ರಿವರ್ಸು ಮೂರೂ ಒಟ್ಟಿಗೆ ಮಾಯ, ಹೆಂಗೂ ಬಾಕ್ಸ್ ಕೆಳಗಿಳಿಸಿದೀರಿ, ದುಡ್ಡಿದ್ರೆ ಗಟ್ಟಿ ಶೆಲ್ ಅದೇ ಸಲ ಹಾಕಿಸ್ಬಿಡಿ.

ಸ್ಟ್ರಿಪ್‌ನಲ್ಲಿ ಬ್ರೇಕ್ ಒತ್ತಿ ಆರ್‌ಪಿಎಂ ಏರಿಸಿ ಮೂರ್ನಾಲ್ಕು ಸೆಕೆಂಡಿಗಿಂತ ಜಾಸ್ತಿ ಹಿಡೀಬೇಡಿ, ಎಣ್ಣೆ ಕುದಿಯೋಕೆ ಅಷ್ಟು ಸಾಕು. ಒಂದೆರಡು ರನ್ ಆದ್ಮೇಲೆ ಫಿನಿಶ್ ಲೈನ್ ಹತ್ರ ಟ್ಯಾಕೋಮೀಟರ್ ಎಷ್ಟಿತ್ತು ಅಂತ ಜ್ಞಾಪಕ ಇಟ್ಕೊಳ್ಳಿ, ಫೋನ್ ಕಟ್ಟಿ ವಿಡಿಯೋ ಮಾಡಿದ್ರೆ ಇನ್ನೂ ಒಳ್ಳೇದು. ನನ್ನದು ಥರ್ಡ್‌ನಲ್ಲಿ 105 ಮೈಲಿಗೆ ಲೆಕ್ಕದ ಪ್ರಕಾರ 4430 ಬರ್ಬೇಕು, ವಿಡಿಯೋದಲ್ಲಿ 4750 ಇತ್ತು, ಅಂದ್ರೆ ಶೇಕಡ 7ರ ಹತ್ರ ಜಾರ್ತಿದೆ, ಅದು ಒಳ್ಳೆ ಕನ್ವರ್ಟರ್. ನಿಮ್ದು ಶೇಕಡ 10 ದಾಟ್ತಿದ್ರೆ ಲಾಂಚ್‌ನಲ್ಲಿ ಗಳಿಸಿದ್ದನ್ನ ಟಾಪ್ ಎಂಡ್‌ನಲ್ಲಿ ಕಳ್ಕೋತಿದೀರಿ, ಆ ಟೈಮ್ ಸ್ಲಿಪ್ಪು ವಿಡಿಯೋ ಎರಡೂ ಕನ್ವರ್ಟರ್ ಮಾಡಿದವ್ರಿಗೆ ಕಳಿಸಿ, ಕೆಲವು ಕಂಪನಿಗಳು ಮೊದಲ ಸಲ ಫ್ರೀಯಾಗೇ ಬಿಚ್ಚಿ ಬಿಗಿ ಮಾಡ್ಕೊಡ್ತಾರೆ, ಗೇರ್‌ಬಾಕ್ಸ್ ಮತ್ತೆ ಇಳಿಸೋ ಕೂಲಿ ಮಾತ್ರ ನಿಮ್ದು.