ಗ್ರೀನ್ ಮೇಲೆ ನಿಲ್ಲುತ್ತಿದ್ದ ನೀರು: ಯಂತ್ರ ಆರಿಸಿದ ನನ್ನ ಅನುಭವ

ಚಿಕ್ಕಮಗಳೂರಿನ ಹತ್ತಿರ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ನನ್ನದು. ಗ್ರೀನ್ ಅಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಜಾಗ. ಮಳೆ ಬಿದ್ದರೆ ಕೆಲವು ಗ್ರೀನ್‌ಗಳ ಮೇಲೆ ನೀರು ಇಂಗುತ್ತಲೇ ಇರಲಿಲ್ಲ. ಬರ್ಮುಡಾ ಹುಲ್ಲು ಹಳದಿಯಾಗಿತ್ತು. ಚಾಕುವಿನಿಂದ ಕೊಯ್ದು ನೋಡಿದೆ. ಮೇಲೆ ಸತ್ತ ಕಾಂಡಗಳ ಮೆತ್ತನೆ ಪದರ, ಕೆಳಗೆ ಬಿಗಿದ ಕೆಂಪು ಮಣ್ಣು. ಬೇರು ಅಲ್ಲಿಗೇ ನಿಂತಿತ್ತು.

ನೆಲಕ್ಕೆ ತೂತು ಹೊಡೆದು ನೀರು ಇಳಿಸುವ ಯಂತ್ರ ಬೇಕಾಯಿತು. ಗಟ್ಟಿ ಮೊಳೆ ಚುಚ್ಚುವ ಸ್ಪೈಕರ್ ಸಾಕು ಅಂತ ಹಲವರು ಹೇಳಿದರು. ಬೆಲೆ ಕಡಿಮೆ, ಆಟಕ್ಕೂ ಅಡ್ಡಿ ಇಲ್ಲ. ಆದರೆ ಗಟ್ಟಿ ಮೊಳೆ ಮಣ್ಣನ್ನು ಹೊರಗೆ ತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ ಅಷ್ಟೆ. ಮೇಲ್ಪದರ ಮಾತ್ರ ಬಿಗಿದಿದ್ದರೆ ಅದು ಸರಿ. ನಮಗೆ ಬೇಕಿದ್ದದ್ದು ಮಣ್ಣನ್ನೇ ತುಂಡಾಗಿ ಹೊರತೆಗೆಯುವ ಟೊಳ್ಳು ಮೊಳೆಯ ಯಂತ್ರ. ಅದರಲ್ಲೂ ಮೊಳೆ ನೇರ ಇಳಿದು ನೇರ ಏಳುವಂಥದ್ದು. ಉರುಳುವ ಡ್ರಮ್ಮಿನದು ಅಗ್ಗ, ಆದರೆ ಏಳುವಾಗ ತೂತಿನ ಅಂಚನ್ನು ಕಿತ್ತುಬಿಡುತ್ತದೆ. ಚೆಂಡು ಉರುಳುವ ಜಾಗಕ್ಕೆ ಅದು ಖಂಡಿತ ಬೇಡ. ಟ್ರ್ಯಾಕ್ಟರ್‌ಗೆ ಕಟ್ಟುವುದನ್ನೂ ಬಿಟ್ಟೆ. ಅದರ ಭಾರವೇ ಗ್ರೀನನ್ನು ಮತ್ತೆ ತುಳಿಯುತ್ತದೆ, ಅಲ್ವಾ? ಹಿಂದೆ ನಡೆದುಕೊಂಡು ಓಡಿಸುವುದನ್ನೇ ಬಾಡಿಗೆಗೆ ತಂದೆವು.

ಕಾಫಿಯ ಹೂಮಳೆ, ಅಂದರೆ ಗಿಡ ಹೂ ಬಿಡಿಸುವ ಬೇಸಿಗೆ ಮಳೆ, ಬಿದ್ದ ಮೇಲೆ, ಹುಲ್ಲು ಚುರುಕಾಗಿ ಚಿಗುರುವಾಗ ಕೆಲಸ ಹಿಡಿದೆವು. ಮಣ್ಣು ತೇವ ಇರಬೇಕು, ಅಂಟಬಾರದು. ಅರ್ಧ ಇಂಚು ದಪ್ಪದ ಮೊಳೆ, 2 ಇಂಚು ಅಂತರ, 3 ಇಂಚು ಆಳ. ಎದ್ದ ಮಣ್ಣಿನ ತುಂಡುಗಳನ್ನು ಗುಡಿಸಿ ತೆಗೆದು, ತೊಳೆದು ಒಣಗಿಸಿದ ಮರಳು ಹರಡಿ ಬ್ರಷ್ ಎಳೆದೆವು. ತೂತು ಬಾಯಿವರೆಗೆ ತುಂಬಲೇಬೇಕು. ಇದರಲ್ಲಿ ಅವಸರ ಮಾಡಬೇಡಿ.

ಆ ಮಳೆಗಾಲ ನೀರು ನಿಲ್ಲಲಿಲ್ಲ. ಮತ್ತೆ ಕೊಯ್ದು ನೋಡಿದರೆ ಬಿಳಿ ಬೇರುಗಳು ಮರಳಿನ ದಾರಿಯಲ್ಲೇ ಇಳಿದಿದ್ದವು. ನೀವು ಯಂತ್ರ ಕೊಳ್ಳುವುದಾದರೆ ಬಿಡಿ ಮೊಳೆಗಳು ಹತ್ತಿರದಲ್ಲಿ ಸಿಗುತ್ತವಾ ಅಂತ ಮೊದಲು ಕೇಳಿ. ಅವು ಬೇಗ ಸವೆಯುತ್ತವೆ.